ಎರಡು ಚೀಲ ಚಾಲಿಯ ಲೆಕ್ಕ

ನಮ್ಮ ಮನೆಮಾತಾದ ಹವಿಗನ್ನಡದಲ್ಲಿ ‘ಅಂವನೇ ಆಗಿಕ್ಕು’ ಎಂದರೆ ಅವನೇ ಇರಬಹುದು ಎಂದರ್ಥ. ‘ಅಂವನೇ ಅಡ’ ಎಂದರೆ ಅವನೇ ಅಂತೆ ಎಂದರ್ಥ. ಮೊದಲನೆಯದು ಊಹೆ, ಆಡುವವನಿಗೇ ಖಾತ್ರಿಯಿಲ್ಲ ಎಂಬುದನ್ನು ಮಾತಿನ ಬಾಲವೇ ಹೇಳಿಬಿಡುತ್ತದೆ. ಎರಡನೆಯದು ಕೇಳಿದ ಮಾತು. ಕಂಡವನು ತಾನಲ್ಲ ಎಂಬುದನ್ನು ಅದರ ಬಾಲ ಹೇಳುತ್ತದೆ. ಪುಸ್ತಕದ ಕನ್ನಡದಲ್ಲಿ ‘ಬಹುದು’ ಮತ್ತು ‘ಅಂತೆ’ ಇದೇ ಕೆಲಸವನ್ನು ಮಾಡುತ್ತವೆ. ನುಡಿಯೇ ಇಷ್ಟೊಂದು ಎಚ್ಚರವನ್ನು ಕಟ್ಟಿಕೊಟ್ಟಿದ್ದರೂ ಈ ಎರಡು ಬಾಲಗಳನ್ನು ಕತ್ತರಿಸಿ ‘ಅಂವನೇ’ ಎಂಬಷ್ಟನ್ನೇ ಉಳಿಸಿಕೊಳ್ಳಲು ಒಂದು ಊರಿಗೆ ಎಷ್ಟು ಹೊತ್ತು ಬೇಕು ಎಂಬುದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಎರಡು ದಿನ ಸಾಕಾಗಿತ್ತು.

ಅದು ಮತ್ತೆ ನೆನಪಾದದ್ದು ಈ ವರ್ಷದ ಚೌತಿಗೆ ಒಂದು ವಾರ ಮೊದಲು. ನಮ್ಮ ಸೀಮೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಬೈಕಿನ ಹಿಂದೆ ಹೊದಿಕೆಗಳ ಗಂಟು ಕಟ್ಟಿಕೊಂಡು ಮನೆ ಮನೆಗೆ ಮಾರಲು ಬಂದಿದ್ದ ಇಬ್ಬರು ಯುವಕರು ಶಿರಸಿ ರಸ್ತೆಯ ಪಕ್ಕದ ಅಂಗಡಿಯೊಂದರ ಎದುರು ಚಹಾ ಕುಡಿಯುತ್ತಿರುವ ಫೋಟೋ ಅದು. ಕೆಳಗೆ, ‘ಇವರು ಹಗಲು ಮನೆ ನೋಡಿಕೊಂಡು ಹೋಗಿ ರಾತ್ರಿ ಕದಿಯಲು ಬರುವವರು, ಎಲ್ಲರಿಗೂ ತಿಳಿಸಿ’ ಎಂದು ಬರೆದಿತ್ತು. ‘ಬಹುದು’ ಇರಲಿಲ್ಲ, ‘ಅಂತೆ’ಯೂ ಇರಲಿಲ್ಲ. ಯಾರ ಮನೆಯಲ್ಲಿ ಕಳ್ಳತನವಾಗಿದೆ ಎಂದು ನಾನು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ‘ಎಚ್ಚರಿಕೆಯಿಂದ ಇರುವುದರಲ್ಲಿ ತಪ್ಪೇನು?’ ಎಂಬ ಮರುಪ್ರಶ್ನೆ ಬಂತು. ಆ ಪ್ರಶ್ನೆಗೆ ಗುಂಪಿನಲ್ಲಿ ಎರಡು ಸಾಲಿನ ಉತ್ತರ ಬರೆಯಲು ಹೋಗಿ ಅಳಿಸಿದೆ. ಎರಡು ಸಾಲಿನಲ್ಲಿ ಹೇಳುವ ವಿಷಯ ಅದಲ್ಲ.

1990ರ ದಶಕದ ನಡುವಿನ ಮಾತು. ನಾನು ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆ. ನಮ್ಮ ತೋಟದ ಕೊನೆಕೊಯ್ಲನ್ನು 15 ವರ್ಷಗಳಿಂದ ಒಬ್ಬರೇ ಕೊನೆಗೌಡರು ಮಾಡಿಕೊಂಡು ಬಂದಿದ್ದರು. ಘಟ್ಟದ ಮೇಲಿನ ತೋಟಿಗರಿಗೆ ಕೊನೆಗೌಡ ಎಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಅಡಿಕೆ ಮರವನ್ನು ಏರಿ ಕೊನೆ, ಅಂದರೆ ಅಡಿಕೆಯ ಗೊನೆ ಕೊಯ್ದು ಇಳಿಸುವ, ಒಂದು ಮರದ ತಲೆಯಿಂದ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುವ, ಮಳೆಗಾಲದಲ್ಲಿ ಜಾರುವ ಮರವನ್ನೇರಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕುಶಲಕರ್ಮಿ ಅವನು. ಅವನಿಲ್ಲದೆ ತೋಟವಿಲ್ಲ. ಮೇಲಿನಿಂದ ಹಗ್ಗದ ಮೇಲೆ ಜಾರಿ ಬರುವ ಕೊನೆಯನ್ನು ಕೆಳಗೆ ಹಿಡಿಯಲು ಒಬ್ಬರು ಬೇಕು. ರಜೆಯಲ್ಲಿ ಆ ಕೆಲಸ ನನ್ನದಾಗಿತ್ತು. ಹಗ್ಗದ ತುದಿಯನ್ನು ಯಾವ ಕೋನದಲ್ಲಿ ಎಷ್ಟು ಬಿಗಿಯಾಗಿ ಹಿಡಿಯಬೇಕು ಎಂಬುದನ್ನು ಅವರೇ ನನಗೆ ಕಲಿಸಿದ್ದರು. ನಮ್ಮ ಮನೆಯ ಚಿಕ್ಕ ಮಕ್ಕಳೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಈಗ ಬರೆಯುವಾಗ ಬಹುವಚನ ಹಾಕುತ್ತಿದ್ದೇನೆ. ಹಾಗೆ ಬರೆದ ಮಾತ್ರಕ್ಕೆ ಆಗ ಆದದ್ದು ತಿದ್ದಿಹೋಗುವುದಿಲ್ಲ ಎಂದು ನನಗೆ ಗೊತ್ತಿದೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ.

ಆ ಏಪ್ರಿಲ್‌ನ ಒಂದು ಬೆಳಿಗ್ಗೆ ನಮ್ಮ ಮನೆಯ ಅಟ್ಟದಿಂದ 14 ಚೀಲ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಇಳಿದು ಟೆಂಪೋ ಏರಿತು. ಅದೇ ಟೆಂಪೋದಲ್ಲಿ ಆಚೆ ಕೇರಿಯ ಎರಡು ಮನೆಗಳ ಚೀಲಗಳೂ ಇದ್ದವು. ಕೊನೆಗೌಡರು ಚೀಲ ಏರಿಸಲು ನೆರವಾಗಿ, ಚೀಲಗಳ ಮೇಲೆಯೇ ಕುಳಿತು ಹೋಗಿ, ತಮ್ಮ ಊರಿನ ಕ್ರಾಸಿನಲ್ಲಿ ಇಳಿದುಕೊಂಡರು. ಮೂರು ದಿನಗಳ ನಂತರ ಶಿರಸಿ ಪೇಟೆಯ ಅಡಿಕೆ ಅಂಗಡಿಯಿಂದ ಪಟ್ಟಿ, ಅಂದರೆ ಲೆಕ್ಕದ ಚೀಟಿ ಬಂತು. ಪಟ್ಟಿಯಲ್ಲಿ ಇದ್ದದ್ದು 12 ಚೀಲ.

ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪಯ್ಯ ಪಟ್ಟಿಯನ್ನು ಮತ್ತೆ ಮತ್ತೆ ಓದಿ, ‘ಎರಡು ಚೀಲ ಎಲ್ಲಿಗೆ ಹೋತು?’ ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು. ಟೆಂಪೋದ ಹಿಂದೆ ಕುಳಿತು ಹೋದವರು ಯಾರು ಎಂದು ಆಯಿ ಕೇಳಿದಳು. ನಾನು ಕೊನೆಗೌಡರ ಹೆಸರು ಹೇಳಿ, ‘ಅಂವನೇ ಆಗಿಕ್ಕು’ ಎಂದೆ. ಅದಕ್ಕಿಂತ ಹೆಚ್ಚು ನಾನು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದುಂಟು.

ಮರುದಿನ ಬೆಳಿಗ್ಗೆ ಹಾಲು ಒಯ್ಯಲು ಬಂದ ನೆರೆಮನೆಯವರ ಬಾಯಲ್ಲಿ ಅದು ‘ಅಂವನೇ ಅಡ’ ಆಗಿತ್ತು. ಅದೇ ವಾರ ಕೊನೆಗೌಡರು ಹೊಸ ಸೈಕಲ್ ಕೊಂಡಿದ್ದರು ಎಂಬುದು ಮಧ್ಯಾಹ್ನ ಯಾರಿಗೋ ನೆನಪಾಯಿತು. ಸಂಜೆಯ ಹೊತ್ತಿಗೆ, ಅವರು ಮುಸ್ಸಂಜೆಯಲ್ಲಿ ಸೈಕಲ್ಲಿನ ಹಿಂದೆ ಏನನ್ನೋ ಕಟ್ಟಿಕೊಂಡು ಹೋಗುತ್ತಿದ್ದುದನ್ನು ಕಂಡವರು ಒಬ್ಬರು ಸಿಕ್ಕರು. ಯಾವ ದಿನ ಕಂಡಿರಿ, ಏನನ್ನು ಕಟ್ಟಿಕೊಂಡಿದ್ದರು ಎಂದು ಆ ಹಿರಿಯರನ್ನು ಯಾರೂ ಕೇಳಲಿಲ್ಲ. ಮೂರನೆಯ ದಿನ ಬೆಳಗಾಗುವಾಗ ಮಾತಿನ ಬಾಲ ಉದುರಿತ್ತು.

ಆಗ ಯಾರಾದರೂ ಒಂದು ಗಳಿಗೆ ಕುಳಿತು ಯೋಚಿಸಿದ್ದರೆ ಆ ಕಥೆ ನಿಲ್ಲುತ್ತಿರಲಿಲ್ಲ. ತುಂಬಿದ ಚಾಲಿ ಚೀಲ ಒಂದೊಂದೂ ಅರವತ್ತು ಕಿಲೋ ಮೀರುತ್ತಿತ್ತು. ಹಾಡಹಗಲಿನಲ್ಲಿ, ಬಸ್ಸು ಓಡಾಡುವ ರಸ್ತೆಯಲ್ಲಿ, ಮುಂದೆ ಕುಳಿತ ಚಾಲಕನಿಗೆ ಗೊತ್ತಾಗದಂತೆ ಒಬ್ಬ ಮನುಷ್ಯ ಅಂಥ ಎರಡು ಚೀಲಗಳನ್ನು ಇಳಿಸಿ, ಅಡಗಿಸಿ, ಹೊತ್ತೊಯ್ಯುವುದು ಹೇಗೆ? ಚಾಲಕನನ್ನೇ ಕೇಳಬಹುದಿತ್ತು. ಆದರೆ ಚಾಲಕ ನಮಗೆ ನೆಂಟ. ಕೇಳಿದರೆ ಅನುಮಾನಿಸಿದಂತಾಗುತ್ತದೆ, ಅವನು ಬೇಸರಿಸಿಕೊಳ್ಳುತ್ತಾನೆ ಎಂಬ ಸಂಕೋಚ ಎಲ್ಲರಿಗೂ ಇತ್ತು. ಒಬ್ಬನನ್ನು ಕೇಳುವುದಕ್ಕೂ ಸಂಕೋಚಪಟ್ಟ ನಾವು ಇನ್ನೊಬ್ಬರನ್ನು ಕೇಳದೆಯೇ ಕಳ್ಳನೆಂದು ನಿಶ್ಚಯಿಸಿದ್ದೆವು. ಚೀಲಗಳು ಅಟ್ಟದಲ್ಲಿದ್ದ ತಿಂಗಳುಗಟ್ಟಲೆ ನಮ್ಮ ಮನೆಗೆ ಬಂದು ಹೋದವರು ಹತ್ತಾರು ಜನ. ಒಳಗೆ ಕುಳಿತು ಉಂಡವರಲ್ಲಿ ಯಾರ ಹೆಸರೂ ಬರಲಿಲ್ಲ. ಜಗಲಿಯ ಆಚೆಗೆ ಕುಳಿತು ಉಂಡವರ ಹೆಸರೇ ಮೊದಲು ಬಂದದ್ದು, ಅದೂ ನನ್ನ ಬಾಯಿಗೆ, ಯೋಚಿಸುವ ಮೊದಲೇ ಬಂದದ್ದು ಆಕಸ್ಮಿಕವಲ್ಲ ಎಂದು ಈಗ ಅನ್ನಿಸುತ್ತದೆ.

ಅಪ್ಪಯ್ಯ ಪೊಲೀಸರಿಗೆ ದೂರು ಕೊಡಲಿಲ್ಲ. ಬಡವ, ಹೋಗಲಿ ಎಂದರು. ಊರಿನವರೆಲ್ಲ ಅದನ್ನು ದೊಡ್ಡ ಮನಸ್ಸು ಎಂದು ಹೊಗಳಿದರು. ಜೂನ್‌ನಲ್ಲಿ ಕೊಳೆಮದ್ದು ಹೊಡೆಯುವ ದಿನ ಕೇಳಲು ಕೊನೆಗೌಡರು ಎಂದಿನಂತೆ ಬಂದಾಗ, ಈ ವರ್ಷ ಬೇರೆಯವರಿಗೆ ಹೇಳಿಯಾಗಿದೆ ಎಂದಷ್ಟೇ ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ. ಮಳೆ ಹನಿಯುತ್ತಿತ್ತು, ಅವರು ಕಂಬಳಿ ಹೊದ್ದು ಅಂಗಳದ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ನನ್ನ ಕಡೆ ನೋಡಿ, ಹೋದರು. ಆಚೆ ಈಚೆಯ ಮನೆಗಳಲ್ಲೂ ಅವರಿಗೆ ಅದೇ ಉತ್ತರ ಸಿಕ್ಕಿತು. ಕೊನೆಗೌಡರ ದುಡಿಮೆಯೆಂದರೆ ಮಳೆಗಾಲದ ಮದ್ದು ಮತ್ತು ಚಳಿಗಾಲದ ಕೊಯ್ಲು. ಎರಡೂ ತಪ್ಪಿದ ಮೇಲೆ ಅವರ ಮನೆ ಹೇಗೆ ನಡೆಯಿತು ಎಂದು ನಮ್ಮಲ್ಲಿ ಯಾರೂ ವಿಚಾರಿಸಲಿಲ್ಲ. ದೀಪಾವಳಿಯ ನಂತರ ಅವರು ಹೆಂಡತಿ ಮಕ್ಕಳೊಂದಿಗೆ ಘಟ್ಟ ಇಳಿದು ಕರಾವಳಿಯ ಕಡೆ ಹೋದರು ಎಂಬ ಸುದ್ದಿ ಬಂತು. ತಪ್ಪು ಮಾಡದವನು ಊರು ಬಿಟ್ಟು ಓಡುತ್ತಾನೆಯೇ ಎಂದು ಆಗಲೂ ಒಬ್ಬರು ಹೇಳಿದ್ದನ್ನು ನಾನು ಕೇಳಿದ್ದೇನೆ.

ಅದೇ ವರ್ಷದ ಚೌತಿಯ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಕಡೆ ಚೌತಿಗೆ ಮುಂಚೆ ಚಕ್ಕುಲಿ ಕಂಬಳವೆಂದು ನಡೆಯುತ್ತದೆ. ಊರಿನ ಹೆಂಗಸರು ಗಂಡಸರೆಲ್ಲ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರಿ ಹಿಟ್ಟನ್ನು ಕೈಯಲ್ಲೇ ಹೊಸೆದು ಚಕ್ಕುಲಿ ಸುತ್ತುತ್ತಾರೆ. ಕೈಗೆ ಕೆಲಸವಿದ್ದು ಬಾಯಿ ಬಿಡುವಾಗಿರುವ ಆ ಹೊತ್ತಿನಲ್ಲಿ ನಮ್ಮ ಎರಡು ಚೀಲಗಳ ಕಥೆ ಮನೆಯಿಂದ ಮನೆಗೆ ಹೋಯಿತು. ಎರಡು ಚೀಲ ಐದಾದವು. ಚೌತಿಯ ರಾತ್ರಿ, ಚಂದ್ರನನ್ನು ನೋಡಿದವರಿಗೆ ಇಲ್ಲದ ಅಪವಾದ ಬರುತ್ತದೆ ಎಂದು ಹೆದರಿ ತಲೆ ತಗ್ಗಿಸಿ ಓಡಾಡಿದ ಅದೇ ಜನ, ಆಕಸ್ಮಾತ್ ಕಂಡವರಿಗೆ ಪರಿಹಾರವಾಗಲೆಂದು ಶಮಂತಕ ಮಣಿಯ ಕಥೆಯನ್ನು ಭಕ್ತಿಯಿಂದ ಕುಳಿತು ಕೇಳಿದರು. ನಾನೂ ಕೇಳಿದೆ.

ಆ ಕಥೆಯ ಮೂಲವನ್ನು ಭಾಗವತದ ಹತ್ತನೆಯ ಸ್ಕಂಧದಲ್ಲಿ ಓದಿದ್ದು ಬಹಳ ವರ್ಷಗಳ ನಂತರ. ಮಣಿಯನ್ನು ಕೊರಳಲ್ಲಿ ಕಟ್ಟಿಕೊಂಡು ಬೇಟೆಗೆ ಹೋದ ತಮ್ಮ ಪ್ರಸೇನ ಹಿಂದಿರುಗದಿದ್ದಾಗ ಸತ್ರಾಜಿತ ಆಡುವ ಮಾತು ಶುರುವಾಗುವುದೇ ‘ಪ್ರಾಯಃ’ ಎಂಬ ಪದದಿಂದ: ಪ್ರಾಯಶಃ ಕೃಷ್ಣನೇ ಕೊಂದಿರಬೇಕು. ಅದನ್ನು ಕೇಳಿದ ಜನ ‘ಕರ್ಣೇ ಕರ್ಣೇ’, ಅಂದರೆ ಕಿವಿಯಿಂದ ಕಿವಿಗೆ ಜಪಿಸಿದರು ಎಂಬುದು ಮುಂದಿನ ಮಾತು. ನಮ್ಮ ಅಡುಗೆಮನೆಯ ‘ಆಗಿಕ್ಕು’ ದ್ವಾರಕೆಯಲ್ಲೂ ಇತ್ತು ಎಂದು ಅಂದು ತಿಳಿಯಿತು. ಅಲ್ಲಿಯೂ ಪುರಾವೆಯ ಹಾಗೆ ಕಾಣುವ ಒಂದು ಸಂಗತಿಯಿತ್ತು: ಕೃಷ್ಣ ಹಿಂದೊಮ್ಮೆ ಆ ಮಣಿಯನ್ನು ಕೇಳಿದ್ದ. ಕೃಷ್ಣ ಊರಿನವರನ್ನು ಜೊತೆಗೆ ಕರೆದುಕೊಂಡು, ಹೆಜ್ಜೆಗುರುತಿನ ಜಾಡು ಹಿಡಿದು ಕಾಡಿಗೆ ಹೋಗಿ, ಸತ್ತ ಪ್ರಸೇನನನ್ನೂ ಅವನನ್ನು ಕೊಂದ ಸಿಂಹ ಸತ್ತು ಬಿದ್ದದ್ದನ್ನೂ ತೋರಿಸಿ, ಜಾಂಬವಂತನ ಗುಹೆಯೊಳಗೆ 28 ದಿನ ಕಾದಾಡಿ ಮಣಿಯನ್ನು ತಂದು ಸತ್ರಾಜಿತನ ಕೈಗಿಟ್ಟ. ಗುಹೆಯ ಬಾಯಲ್ಲಿ ಕಾಯುತ್ತಿದ್ದ ಜನ 12ನೇ ದಿನಕ್ಕೇ ಮರಳಿ ಹೋಗಿದ್ದರು. ಹೇಳಿದವರು ಸಾಧಿಸಬೇಕಾಗಿದ್ದನ್ನು ಹೇಳಿಸಿಕೊಂಡವನೇ ಸುಳ್ಳೆಂದು ಸಾಧಿಸಬೇಕಾಗಿ ಬಂತು. ಅವನು ಕೃಷ್ಣನಾಗಿದ್ದರಿಂದ ಸಾಧ್ಯವಾಯಿತು. ಕೊನೆಗೌಡರಿಗೆ ಯಾವ ಹೆಜ್ಜೆಗುರುತು ಇತ್ತು?

ನಿಜ ಹೊರಬಿದ್ದದ್ದು ಮುಂದಿನ ಮಾರ್ಚ್‌ನಲ್ಲಿ. ಸಿದ್ದಾಪುರದ ಕಡೆಯ ತೋಟಿಗರೊಬ್ಬರು ತಮ್ಮ ವರ್ಷದ ಪಟ್ಟಿಗಳನ್ನೆಲ್ಲ ಹರಡಿಕೊಂಡು ಲೆಕ್ಕ ಮುಗಿಸಲು ಕುಳಿತಾಗ, ತಾವು ಕಳಿಸಿದ್ದಕ್ಕಿಂತ ಎರಡು ಚೀಲ ಹೆಚ್ಚು ಬಂದಿರುವುದನ್ನು ಕಂಡು, ಅಂಗಡಿಗೆ ಹೋಗಿ ತಾವಾಗಿಯೇ ತಿಳಿಸಿದರು. ಅವರ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರರ ಮೊದಲಕ್ಷರಗಳೂ ಅಪ್ಪಯ್ಯನವೇ ಆಗಿದ್ದವು. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯವೇನಲ್ಲ. ಅದಕ್ಕಾಗಿಯೇ ಚೀಲದ ಮೇಲೆ ಹೆಸರಿನ ಅಕ್ಷರಗಳ ಕೆಳಗೆ ಊರಿನ ಅಕ್ಷರವನ್ನೂ ಬರೆಯುವ ರೂಢಿಯಿತ್ತು. ಆ ವರ್ಷ ನಮ್ಮ 14 ಚೀಲಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದವನು ನಾನು. ಬಣ್ಣದ ಡಬ್ಬಿ ತಳ ಕಂಡಿತ್ತು, ಆ ರಾತ್ರಿ ಯಕ್ಷಗಾನದ ಆಟಕ್ಕೆ ಹೋಗುವ ಅವಸರವಿತ್ತು, ಕೊನೆಯ ಎರಡು ಚೀಲಗಳಿಗೆ ಊರಿನ ಅಕ್ಷರ ಬೀಳಲಿಲ್ಲ. ಹಮಾಲರು ಕಂಡ ಅಕ್ಷರದ ಪ್ರಕಾರ ಪೇರಿಸಿದರು; ಅವರ ತಪ್ಪೇನೂ ಇರಲಿಲ್ಲ.

ಕಳ್ಳತನವೇ ನಡೆದಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇಂಥ ಪ್ರಸಂಗಗಳಲ್ಲಿ ನಾವು ಸಾಮಾನ್ಯವಾಗಿ ಕೇಳುವುದು ‘ಇವನಲ್ಲದಿದ್ದರೆ ಮತ್ತೆ ಯಾರು?’ ಎಂದು. ಅದಕ್ಕೂ ಮೊದಲು, ಅಪರಾಧವೊಂದು ನಡೆದಿದೆಯೇ ಎಂದು ಕೇಳಬೇಕಾಗುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎಂಬ ಗಾದೆಯನ್ನು ನಾವು ದಡ್ಡರ ಬಗ್ಗೆ ನಗುತ್ತ ಹೇಳುತ್ತೇವೆ. ನಮ್ಮ ಊರಿನಲ್ಲಿ ಪದವೀಧರರಿದ್ದರು, ವೇದ ಓದಿದವರಿದ್ದರು, ಸಹಕಾರ ಸಂಘದ ಲೆಕ್ಕವನ್ನು ಪೈಸೆಗೆ ಪೈಸೆ ಹೊಂದಿಸುವವರಿದ್ದರು.

ಸೈಕಲ್ಲಿನ ವಿಷಯ ನನ್ನನ್ನು ಹೆಚ್ಚು ಕಾಡಿದೆ. ತೀರ್ಮಾನ ಮೊದಲು ಆಗಿಬಿಟ್ಟರೆ ಯಾವ ಸಾಮಾನ್ಯ ವಸ್ತುವಾದರೂ ಪುರಾವೆಯಾಗಿ ಮಾರ್ಪಡುತ್ತದೆ ಎಂಬುದನ್ನು ನಾನು ಆಮೇಲೆ ಪತ್ರಿಕೆಗಳಲ್ಲಿ ಓದಿದ ದೊಡ್ಡ ಪ್ರಕರಣಗಳಲ್ಲೂ ಕಂಡೆ. 2007ರ ಜುಲೈ 2ರಂದು ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದ ಡಾ. ಮೊಹಮ್ಮದ್ ಹನೀಫ್ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಮೂಲದವರು. ಎರಡು ದಿನ ಮೊದಲು ಗ್ಲಾಸ್ಗೊ ವಿಮಾನ ನಿಲ್ದಾಣದ ಮೇಲೆ ನಡೆದ ದಾಳಿಯಲ್ಲಿ ಅವರ ಬಂಧುವೊಬ್ಬನ ಕೈವಾಡವಿತ್ತು. ಹನೀಫ್ ಭಾರತಕ್ಕೆ ಒಂದೇ ಕಡೆಯ ಟಿಕೆಟ್ ಕೊಂಡಿದ್ದರು ಎಂಬುದು ಅವರ ವಿರುದ್ಧದ ದೊಡ್ಡ ಮಾತಾಯಿತು. ಬೆಂಗಳೂರಿನಲ್ಲಿ ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಹೊರಟಿದ್ದೆ ಎಂಬ ಅವರ ಮಾತು ಹಿಂದೆ ಬಿತ್ತು. ಅವರು ಕೊಟ್ಟಿದ್ದ ಸಿಮ್ ಕಾರ್ಡ್ ಗ್ಲಾಸ್ಗೊದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತು ಎಂದು ನ್ಯಾಯಾಲಯಕ್ಕೆ ಹೇಳಲಾಯಿತು. ಅದು ನಿಜವಾಗಿ ಇದ್ದದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಇನ್ನೊಬ್ಬ ಬಂಧುವಿನ ಬಳಿ. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. 2008ರ ಡಿಸೆಂಬರ್‌ನಲ್ಲಿ ಹೊರಬಂದ ಕ್ಲಾರ್ಕ್ ವಿಚಾರಣಾ ವರದಿ ಅವರ ಬಂಧನದ ಹಿಂದಿನ ಎಡವಟ್ಟುಗಳನ್ನು ಬಿಡಿಸಿಟ್ಟಿತು. ಒಂದು ದೇಶದ ಪೊಲೀಸ್ ವ್ಯವಸ್ಥೆಗೇ ಒಂದೇ ಕಡೆಯ ಟಿಕೆಟ್ ಹಾಗೆ ಕಾಣುವುದಾದರೆ ನಮ್ಮ ಊರಿಗೆ ಹೊಸ ಸೈಕಲ್ ಹೇಗೆ ಕಂಡೀತು?

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಪುರಾವೆಯಾದದ್ದು ಚಾಕೊಲೇಟ್. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂಬ ಸಂದೇಶ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿ ಮುರ್ಕಿ ಎಂಬ ಊರನ್ನು ಮುಟ್ಟಿತು. ಅಲ್ಲಿ ರಸ್ತೆಗೆ ಅಡ್ಡ ನಿಂತ ಜನ ಅವರಲ್ಲಿ ಒಬ್ಬ ಯುವಕನನ್ನು ಹೊಡೆದು ಕೊಂದರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ರಾಜಸ್ಥಾನದಿಂದ ಬಂದಿದ್ದ ಕೂಲಿಯವನೊಬ್ಬ ಇದೇ ಗಾಳಿಸುದ್ದಿಗೆ ಬಲಿಯಾಗಿದ್ದ. ಆ ದಿನಗಳಲ್ಲಿ ದೇಶದ ತುಂಬ ಹರಿದಾಡಿದ ‘ಅಪಹರಣ’ದ ವಿಡಿಯೊ, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ಮಾಡಿದ ಜಾಹೀರಾತಿನ ತುಣುಕಾಗಿತ್ತು, ಮಗುವನ್ನು ಹಿಂದಕ್ಕೆ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ವಾಟ್ಸಾಪ್ ಭಾರತದಲ್ಲಿ ಮಿತಿ ಹಾಕಿದ್ದು ಆ ಜುಲೈನಲ್ಲೇ.

ಊರಿನವರು ಮಾಡುವ ತಪ್ಪನ್ನು ಪೊಲೀಸರು ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2017ರ ಸೆಪ್ಟೆಂಬರ್ 8ರಂದು ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ, ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರ್ ಒಬ್ಬರನ್ನು ಬಂಧಿಸಿ, ತಪ್ಪೊಪ್ಪಿಕೊಂಡಿದ್ದಾನೆ ಎಂದು ಹೇಳಿ ಪ್ರಕರಣ ಬಗೆಹರಿಯಿತೆಂದು ಸಾರಲಾಯಿತು. ಟಿವಿಯಲ್ಲಿ ಆ ಮನುಷ್ಯರನ್ನು ನೋಡಿದಾಗ ನನಗೆ ಜಗಲಿಯಾಚೆಗೆ ಕುಳಿತಿದ್ದ ಇನ್ನೊಬ್ಬರ ನೆನಪಾಯಿತು. ಆ ಕಂಡಕ್ಟರ್ ಪರವಾಗಿ ವಾದಿಸುವುದಿಲ್ಲ ಎಂದು ಅಲ್ಲಿನ ವಕೀಲರು ನಿರ್ಣಯ ಮಾಡಿದರು. ಇಂಥ ನಿರ್ಣಯಗಳು ಕಾನೂನಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ತನಿಖೆ ಸಿಬಿಐ ಕೈಗೆ ಹೋದ ಮೇಲೆ ನವೆಂಬರ್‌ನಲ್ಲಿ ಅದೇ ಶಾಲೆಯ 11ನೇ ತರಗತಿಯ ವಿದ್ಯಾರ್ಥಿಯೊಬ್ಬನನ್ನು ವಶಕ್ಕೆ ತೆಗೆದುಕೊಂಡಿತು. ಎರಡೂವರೆ ತಿಂಗಳ ಸೆರೆವಾಸದ ನಂತರ ಕಂಡಕ್ಟರ್ ಜಾಮೀನಿನ ಮೇಲೆ ಮನೆಗೆ ಬಂದರು, 2018ರ ಫೆಬ್ರವರಿಯಲ್ಲಿ ನ್ಯಾಯಾಲಯ ಅವರನ್ನು ಆರೋಪದಿಂದ ಮುಕ್ತಗೊಳಿಸಿತು. ತಮಗೆ ಹಿಂಸೆ ಕೊಟ್ಟು ಒಪ್ಪಿಸಲಾಗಿತ್ತು ಎಂದು ಅವರು ಹೇಳಿದರು. ಆ ವಿದ್ಯಾರ್ಥಿಯ ಬಗ್ಗೆ ನಾನು ಇಲ್ಲಿ ಹೆಚ್ಚೇನೂ ಬರೆಯುವುದಿಲ್ಲ; ಆರೋಪಿಗೂ ಅಪರಾಧಿಗೂ ಇರುವ ಅಂತರ ಅವನಿಗೂ ಸಲ್ಲಬೇಕು.

ಇನ್ನು ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1994ರ ನವೆಂಬರ್ 30ರಂದು ಬಂಧನ, 1996ರಲ್ಲಿ ಬೇಹುಗಾರಿಕೆಯ ಆರೋಪ ಸುಳ್ಳೆಂದು ಸಿಬಿಐ ವರದಿ, 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟಿನಿಂದ 50 ಲಕ್ಷ ರೂಪಾಯಿ ಪರಿಹಾರದ ಆದೇಶ. ನಡುವೆ ಕಳೆದದ್ದು ಸುಮಾರು 24 ವರ್ಷ. ಅಷ್ಟು ಕಾಲ ಹೋರಾಡುವ ವಿದ್ಯೆ, ಛಲ, ಆಯುಸ್ಸು ಎಷ್ಟು ಜನರಿಗಿರುತ್ತದೆ? ಸಾಕಷ್ಟು ಕಾರಣವಿಲ್ಲದೆ ಇನ್ನೊಬ್ಬರನ್ನು ಬಂಧಿಸಲು ಕಾರಣನಾದವನಿಂದ ಬಂಧಿತನಿಗೆ ನ್ಯಾಯಾಧೀಶರು ಕೊಡಿಸಬಹುದಾದ ಪರಿಹಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಮು ಈಗಲೂ 1,000 ರೂಪಾಯಿಗೆ ಸೀಮಿತಗೊಳಿಸಿದೆ. ಇವತ್ತಿನ ದರದಲ್ಲಿ ಅದು ಮೂರು ಕಿಲೋ ಚಾಲಿಯ ಬೆಲೆಯೂ ಅಲ್ಲ.

ಆದರೂ ಕಾನೂನು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಬಂಧಿಸಿದವನಿಗೆ ಏಕೆ ಬಂಧಿಸಿದ್ದೇವೆ ಎಂಬುದನ್ನು ಆದಷ್ಟು ಬೇಗ ತಿಳಿಸಬೇಕು ಎಂಬುದು ಸಂವಿಧಾನದ 22ನೇ ವಿಧಿ. ಆರೋಪ ಏನೆಂದು ತಿಳಿದರೆ ತಾನೆ ಉತ್ತರ ಕೊಡುವುದು? ನಮ್ಮ ಊರು ಕೊನೆಗೌಡರಿಗೆ ಅಷ್ಟನ್ನೂ ಕೊಡಲಿಲ್ಲ. ದೂರು ಕೊಡದೆ ಬಿಟ್ಟದ್ದು ದಯೆ ಎಂದು ನಾವು ತಿಳಿದಿದ್ದೆವು. ದೂರು ಕೊಟ್ಟಿದ್ದರೆ ಯಾರಾದರೊಬ್ಬರು ಟೆಂಪೋ ಚಾಲಕನನ್ನು ಕೇಳುತ್ತಿದ್ದರು, ಅಂಗಡಿಯ ಪುಸ್ತಕ ತೆಗೆಸುತ್ತಿದ್ದರು, ಮುಖ್ಯವಾಗಿ ಅವರನ್ನೇ ಎದುರು ನಿಲ್ಲಿಸಿ ಕೇಳುತ್ತಿದ್ದರು. ಹಾಗೆಂದು ಅಡಿಕೆ ಕಳುವಾದವರು ಸುಮ್ಮನಿರಬೇಕು ಎಂದಲ್ಲ. ನಮ್ಮ ತಾಲ್ಲೂಕಿನಲ್ಲಿ ಅಂಗಳದಲ್ಲಿ ಹರಡಿದ ಅಡಿಕೆ ನಿಜವಾಗಿಯೂ ಕಳುವಾಗುತ್ತದೆ, ವರ್ಷದ ಅನ್ನ ಹೋದವರ ಸಿಟ್ಟು ನನಗೆ ಅರ್ಥವಾಗುತ್ತದೆ. ದೂರು ಹೇಳಿಕೊಂಡು ಬಂದವರನ್ನೇ ಮೊದಲು ಅನುಮಾನಿಸುವುದೂ ಅವಸರದ ತೀರ್ಪೇ. ಕಳುವಾಗಿದೆ ಎಂದು ಹೇಳುವುದು ಒಂದು, ಇವನೇ ಕದ್ದ ಎಂದು ಹೇಳುವುದು ಇನ್ನೊಂದು. ಗುಂಪಿನಲ್ಲಿ ಫೋಟೋ ಹಾಕಿದವರಿಗೆ ನಾನು ಹೇಳಬೇಕೆಂದಿದ್ದದ್ದು ಇಷ್ಟೇ. ಮನೆಗೆ ಬೀಗ ಹಾಕಿಕೊಳ್ಳುವ ಎಚ್ಚರಿಕೆಗೆ ಯಾರ ಮುಖವೂ ಬೇಕಾಗುವುದಿಲ್ಲ.

ನಿಜ ಗೊತ್ತಾದ ವಾರವೇ ಅಪ್ಪಯ್ಯ ದೇವಿಮನೆ ಘಟ್ಟ ಇಳಿದು ಕೊನೆಗೌಡರನ್ನು ಹುಡುಕಿಕೊಂಡು ಹೋದರು. ಅಂಕೋಲೆಯ ಹತ್ತಿರ ತೆಂಗಿನಕಾಯಿ ಕೊಯ್ಯುವ ಕೆಲಸ ಹಿಡಿದಿದ್ದರು. ತಪ್ಪಾಯಿತು, ವಾಪಸು ಬಾ ಎಂದು ಅಪ್ಪಯ್ಯ ಕರೆದರು. ಲೆಕ್ಕ ಸಿಕ್ಕಿತಲ್ಲ, ಸಾಕು ಎಂದರಂತೆ, ಬರಲಿಲ್ಲ. ಸೈಕಲ್ಲು ಅವರ ಮಗಳಿಗೆ ಹೈಸ್ಕೂಲಿಗೆ ಹೋಗಲೆಂದು, ಎರಡು ವರ್ಷದ ಕೊಯ್ಲಿನ ಕೂಲಿಯಲ್ಲಿ ಉಳಿಸಿ ಕೊಂಡದ್ದಾಗಿತ್ತು. ಘಟ್ಟ ಇಳಿಯುವಾಗ ಅದನ್ನು ಮಾರಿದ್ದರು. ಅಪ್ಪಯ್ಯ ಊರಿಗೆ ಬಂದು ಸಿಕ್ಕಸಿಕ್ಕವರಿಗೆಲ್ಲ ನಿಜವನ್ನು ಹೇಳಿದರು. ಆದರೂ ಹತ್ತು ವರ್ಷಗಳ ನಂತರ ನಮ್ಮ ಊರಿನ ಮದುವೆಯೊಂದರಲ್ಲಿ, ನಿಮ್ಮನೆ ಅಡಿಕೆ ಕದ್ದಿದ್ದನಲ್ಲ ಆ ಕೊನೆಗೌಡ ಈಗ ಎಲ್ಲಿದ್ದಾನೆ ಎಂದು ಒಬ್ಬರು ನನ್ನನ್ನು ಕೇಳಿದರು. ಸುಳ್ಳು ಚಕ್ಕುಲಿ ಕಂಬಳದಲ್ಲಿ ಮನೆಮನೆಗೆ ಹೋಗಿತ್ತು. ನಿಜ ಅಪ್ಪಯ್ಯನ ಕಾಲ್ನಡಿಗೆಯಲ್ಲಿ ಹೋಗಬೇಕಾಗಿತ್ತು.

ಕಳೆದ ಡಿಸೆಂಬರ್‌ನಲ್ಲಿ ಕಾರವಾರಕ್ಕೆ ಕೆಲಸದ ಮೇಲೆ ಹೋದವನು ಮರಳುವಾಗ ಅಂಕೋಲೆಯಲ್ಲಿ ಇಳಿದು ಅವರ ಮನೆಯನ್ನು ಕೇಳಿಕೊಂಡು ಹೋದೆ. ವಯಸ್ಸು ಎಪ್ಪತ್ತು ದಾಟಿದೆ. ಕೆಲವು ವರ್ಷ ಸೀಬರ್ಡ್ ನೌಕಾನೆಲೆಯ ಕಾಮಗಾರಿಯಲ್ಲಿ ಕೂಲಿ ಮಾಡಿದರಂತೆ. ಮಗ ಈಗ ರಿಕ್ಷಾ ಓಡಿಸುತ್ತಾನೆ. ಮಗಳು ಹೈಸ್ಕೂಲು ಮುಗಿಸಲಿಲ್ಲ. ಚಹಾ ಕುಡಿದಾದ ಮೇಲೆ, ಆ ರಾತ್ರಿ ಮೊದಲು ನಿಮ್ಮ ಹೆಸರು ಹೇಳಿದವನು ನಾನು, ಚೀಲದ ಮೇಲೆ ಊರಿನ ಅಕ್ಷರ ಬರೆಯದೆ ಬಿಟ್ಟವನೂ ನಾನೇ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಬರೆಯದೇ ಇದ್ದದ್ದು ನನಗೆ ಗೊತ್ತಿತ್ತು ಹೆಗ್ಡೇರೆ’ ಎಂದರು. ‘ನಾನು ಕೂತಿದ್ದೇ ಆ ಚೀಲದ ಮೇಲೆ. ನಾಲ್ಕನೇ ಕ್ಲಾಸಿನವರೆಗೆ ಓದಿದವ ನಾನು, ಅಷ್ಟು ಅಕ್ಷರ ಗೊತ್ತಾಗ್ತದೆ. ಎರಡು ಚೀಲಕ್ಕೆ ಕೆಳಗಿನ ಅಕ್ಷರ ಇಲ್ಲ ಅಂತ ನೋಡಿದ್ದೆ. ಕೇಳಿದ್ರೆ ಹೇಳ್ತಿದ್ದೆ.’

ಆಮೇಲೆ, ವಿಷಯ ತಿಳಿದ ಮೇಲಾದರೂ ಬಂದು ಹೇಳಬಹುದಿತ್ತಲ್ಲ ಎಂದೆ.

‘ತಿಳಿಯೋ ಹೊತ್ತಿಗೆ ದೀಪಾವಳಿ ಆಗಿತ್ತು. ಆಗ ಹೇಳಿದ್ರೆ, ತಪ್ಪಿಸಿಕೊಳ್ಳೋಕೆ ಕಥೆ ಕಟ್ಟಿದ್ದಾನೆ ಅಂತಿದ್ರಿ’ ಎಂದು ಹೇಳಿ, ಈ ವರ್ಷ ಕೊಳೆ ಎಷ್ಟು ಬಿತ್ತು, ತೋಟದ ಕೆಳಗಿನ ಭಾಗದ ಹಳೆಯ ಮರಗಳು ಇನ್ನೂ ಇವೆಯೇ ಎಂದು ಕೇಳತೊಡಗಿದರು.